ನಾಯಿ, ಬೆಕ್ಕಿನ ಫೋಟೊ ತೆಗೆಸಲು ಸರಿಯಾದ ಹೊತ್ತು ಯಾವುದು?

ಮನೆಯ ನಾಯಿಯದೋ ಬೆಕ್ಕಿನದೋ ಫೋಟೊಗಳು ಮೊಬೈಲ್‌ನಲ್ಲಿ ಲೆಕ್ಕವಿಲ್ಲದಷ್ಟು ಇರುತ್ತವೆ. ಅವನ್ನು ವರ್ಷವಾರು ಜೋಡಿಸಿ ನೋಡಿ. ಮರಿಯಾಗಿದ್ದಾಗಿನವು ರಾಶಿ ರಾಶಿ, ವಯಸ್ಸಾದ ಮೇಲಿನವು ಒಂದಿಷ್ಟು, ನಡುವಿನ ವರ್ಷಗಳವು ಬೆರಳೆಣಿಕೆಯಷ್ಟು. ವೃತ್ತಿಪರ ಫೋಟೊಗ್ರಾಫರ್ ಬಳಿ ಹೋಗುವವರೂ ಹೆಚ್ಚಾಗಿ ಈ ಎರಡು ತುದಿಗಳಲ್ಲೇ ಹೋಗುತ್ತಾರೆ. ಒಂದೇ ಸಲ ತೆಗೆಸುವುದಾದರೆ ನನ್ನ ಮತ ಆ ನಡುವಿನ ವರ್ಷಗಳಿಗೆ. ಮೈಕಟ್ಟು ತುಂಬಿ, ಸ್ವಭಾವ ಗಟ್ಟಿಯಾಗಿ, ನಿಮ್ಮ ಮಾತು ಅದಕ್ಕೆ ಅರ್ಥವಾಗುವ ಕಾಲ ಅದು. ಮುಂದೆ ಅದನ್ನು ನೆನೆದಾಗ ಕಣ್ಣ ಮುಂದೆ ಬರುವ ಮುಖವೂ ಸಾಮಾನ್ಯವಾಗಿ ಅದೇ.

ಮೊದಲು ವಯಸ್ಸು ನೋಡಿ

ಸಣ್ಣ ತಳಿಯ ನಾಯಿಗಳು 9ರಿಂದ 12 ತಿಂಗಳಿಗೆ ಪೂರ್ತಿ ಬೆಳೆಯುತ್ತವೆ. ದೊಡ್ಡ ತಳಿಗಳಿಗೆ 18ರಿಂದ 24 ತಿಂಗಳು ಬೇಕು. ಹೆಚ್ಚಿನ ಬೆಕ್ಕುಗಳು ವರ್ಷ ತುಂಬುವ ಹೊತ್ತಿಗೆ ದೊಡ್ಡವಾಗುತ್ತವೆ. ಮೇನ್ ಕೂನ್‌ನಂಥ ಭಾರಿ ತಳಿಗಳು ಮಾತ್ರ 3–4 ವರ್ಷದವರೆಗೂ ತುಂಬಿಕೊಳ್ಳುತ್ತಲೇ ಇರುತ್ತವೆ. ಹಾಗಾಗಿ ನಾಯಿಗಾದರೆ 2ರಿಂದ 6 ವರ್ಷದ ನಡುವೆ ಯಾವಾಗ ಬೇಕಾದರೂ ಸರಿ. ಬೆಕ್ಕಿಗೆ ಈ ಅವಧಿ ಇನ್ನೂ ಉದ್ದ.

ಮರಿಯ ಫೋಟೊ ಬೇಕೇ ಬೇಕೆಂದರೆ ಲಸಿಕೆಯ ಲೆಕ್ಕ ಮೊದಲು. ನಾಯಿಮರಿಗಳ ಲಸಿಕೆ 6–8 ವಾರಕ್ಕೆ ಶುರುವಾಗಿ, ಕೆಲವು ವಾರಗಳಿಗೊಮ್ಮೆ ನಡೆದು, 16 ವಾರದ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಹತ್ತಾರು ನಾಯಿಗಳು ಬಂದುಹೋಗುವ ಸ್ಟುಡಿಯೊಗೆ ಒಯ್ಯಬೇಡಿ. ನಾಯಿಮರಿಗಳ ಜೀವಕ್ಕೇ ಎರವಾಗಬಲ್ಲ ಪಾರ್ವೊ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಫೋಟೊಗ್ರಾಫರ್ ಅವರನ್ನೇ ಮನೆಗೆ ಕರೆಸಿ. ಕೈಕಾಲು ತೊಳೆದುಕೊಂಡು, ಬೇರೆ ನಾಯಿಗಳಿಗೆ ಬಳಸಿದ ಬಟ್ಟೆ, ಆಟಿಕೆಗಳನ್ನು ತರದೆ ಬರಲಿ.

ಮರಿಯ ರೂಪ ವಾರಕ್ಕೊಮ್ಮೆ ಬದಲಾಗುತ್ತದೆಂಬುದೂ ತಲೆಯಲ್ಲಿರಲಿ. ಬೆಕ್ಕಿನ ಮರಿಗಳೆಲ್ಲ ಕಣ್ಣು ಬಿಡುವಾಗ ನೀಲಿಗಣ್ಣಿನವೇ. ನಿಜವಾದ ಬಣ್ಣ 6–7 ವಾರಕ್ಕೆ ಇಣುಕಿ, 3–4 ತಿಂಗಳಿಗೆ ನಿಲ್ಲುತ್ತದೆ. ಸಯಾಮಿ ಮರಿಗಳು ಹುಟ್ಟುವಾಗ ಹಾಲುಬಣ್ಣ. ಮೈಯ ತಂಪಾದ ಭಾಗಗಳಲ್ಲಷ್ಟೇ ಬಣ್ಣ ಕಟ್ಟುವ ಗುಣ ಅವುಗಳದು, ಹಾಗಾಗಿ ಕಿವಿ, ಮೂತಿ, ಪಾದ, ಬಾಲ ಆಮೇಲೆ ಕಪ್ಪಾಗುತ್ತವೆ. ಮೈತುಂಬ ಚುಕ್ಕೆಗಳಿರುವ ಡಾಲ್ಮೇಷನ್ ನಾಯಿಯ ಮರಿ ಒಂದು ಚುಕ್ಕೆಯೂ ಇಲ್ಲದೆ ಹುಟ್ಟುತ್ತದೆ. 4ರಿಂದ 6 ತಿಂಗಳ ನಡುವೆ ನಾಯಿಮರಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ. ಜರ್ಮನ್ ಶೆಫರ್ಡ್‌ನ ನೆಟ್ಟಗಾಗಿದ್ದ ಕಿವಿ ಆಗ ಮತ್ತೆ ಜೋಲುವುದುಂಟು. ಪೊಮೆರೇನಿಯನ್ ಮರಿಯ ಕೂದಲು ಉದುರಿ ಮುಖ ಬೋಳುಬೋಳಾಗುವುದೂ ಸುಮಾರು ಆಗಲೇ. ಕೆಲವರು ಆ ಅವತಾರವನ್ನೇ ಇಷ್ಟಪಡುತ್ತಾರೆ. ಇಷ್ಟವಿಲ್ಲದವರು ಅದು ಕಳೆಯುವವರೆಗೆ ಕಾಯಿರಿ.

ನಂತರ ಬೇಡದ ದಿನಗಳನ್ನು ಕಳೆಯಿರಿ

ಲಸಿಕೆ ಹಾಕಿಸಿದ ಮರುದಿನ ಪ್ರಾಣಿ ಮಂಕಾಗಿರಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆಯ ಹೊಲಿಗೆ ಮಾಯಲು 10–14 ದಿನ ಬೇಕು, ಅಷ್ಟು ದಿನವೂ ಹೊಲಿಗೆ ನೆಕ್ಕದಂತೆ ತಡೆಯುವ ಕೋನ್ ಕೊರಳಲ್ಲಿ ಇರುತ್ತದೆ. ಬೆದೆಗೆ ಬಂದ ಹೆಣ್ಣುನಾಯಿಗೆ ಒಂದು ಕಡೆ ಕೂರುವ ತಾಳ್ಮೆ ಇರುವುದಿಲ್ಲ. ಎರಡು ಪದರದ ತುಪ್ಪಟವಿರುವ ಹಸ್ಕಿಯಂಥ ತಳಿಗಳು ಋತು ಬದಲಾಗುವಾಗ ಕೂದಲನ್ನು ಕಂತೆಕಂತೆಯಾಗಿ ಉದುರಿಸುತ್ತವೆ. ಬಾಚಿ ಮುಗಿಸಿದ ಮೇಲೆ ಕನ್ನಡಿಯಂತೆ ಹೊಳೆಯುವ ಮೈ ಬರುತ್ತದೆ, ದಿನ ಗೊತ್ತುಮಾಡುವುದು ಆಗ. ಲವ್‌ಬರ್ಡ್ಸ್, ಗಿಣಿ ಸಾಕಿದವರು ಗರಿ ಬದಲಾಗುವ ಕಾಲ ದಾಟಲು ಬಿಡಬೇಕು.

ಹೊಸದಾಗಿ ದತ್ತು ತಂದ ನಾಯಿಯ ವಿಷಯದಲ್ಲಿ ಅವಸರ ಖಂಡಿತ ಬೇಡ. ಮೊದಲ ದಿನಗಳಲ್ಲಿ ಅದು ಮೂಲೆ ಹಿಡಿದಿರುತ್ತದೆ, ಬಾಲ ಕಾಲ ನಡುವೆ ಇರುತ್ತದೆ, ಅಪರಿಚಿತರು ಕ್ಯಾಮೆರಾ ಎತ್ತಿದರೆ ಬೆದರುತ್ತದೆ. ಪೂರ್ತಿ ಹೊಂದಿಕೊಳ್ಳಲು ಮೂರು ತಿಂಗಳು ಬೇಕೆಂದು ಆಶ್ರಯತಾಣಗಳನ್ನು ನಡೆಸುವವರು ಹೇಳುತ್ತಾರೆ. ನೀವು ಕರೆದಾಗ ಬಾಲ ಅಲ್ಲಾಡಿಸುತ್ತಾ ತಾನಾಗಿ ಎದ್ದು ಬರಲು ಶುರುಮಾಡಿತೇ? ಆಗ ಫೋನ್ ಮಾಡಿ.

ಗಂಟೆಯನ್ನು ಪ್ರಾಣಿಯೇ ನಿರ್ಧರಿಸಲಿ

ಹೊರಾಂಗಣದಲ್ಲಾದರೆ ಸೂರ್ಯೋದಯದ ನಂತರದ ಒಂದು ಗಂಟೆ, ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆ ಚೆನ್ನ. ನಡುಮಧ್ಯಾಹ್ನದ ಬಿಸಿಲಲ್ಲಿ ನಾಯಿಯ ಮುಖ ಹತ್ತಿರದಿಂದ ನೋಡಿ: ನಾಲಗೆ ಅಗಲವಾಗಿ ಪಕ್ಕಕ್ಕೆ ಜೋತಿರುತ್ತದೆ, ಬಾಯಿಯ ಅಂಚು ಕಿವಿಯತ್ತ ಎಳೆದಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ. ಫೋಟೊದಲ್ಲಿ ನಗುವಂತೆ ಕಂಡರೂ ಅದು ಸೆಕೆಗೆ ಪಡುವ ಪಾಡು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಬಿಸಿಲು ಅಪಾಯವೂ ಹೌದು. ಬೆಕ್ಕಿನ ಪಾಪೆ ಕಡುಬೆಳಕಿಗೆ ಗೀಟಿನಂತಾಗುತ್ತದೆ, ಮೆದು ಬೆಳಕಿನಲ್ಲಿ ದುಂಡಗೆ ಅರಳುತ್ತದೆ. ಕಿಟಕಿಯ ಪಕ್ಕದ ಬೆಳಕು ಅದಕ್ಕೆ ಹೇಳಿಮಾಡಿಸಿದಂತೆ. ಕಪ್ಪು ನಾಯಿಯಾದರೆ ಮೋಡ ಕವಿದ ದಿನ ಸಿಕ್ಕಿದ್ದೇ ಭಾಗ್ಯ, ಕೂದಲಿನ ಎಳೆ ಎಳೆಯೂ ಕಾಣುತ್ತದೆ.

ಆದರೆ ಬೆಳಕು ಎಷ್ಟೇ ಚೆನ್ನಾಗಿರಲಿ, ಅದು ಪ್ರಾಣಿ ಮಲಗುವ ಹೊತ್ತಾದರೆ ಪ್ರಯೋಜನವಿಲ್ಲ. ಒಂದು ವಾರ ಸುಮ್ಮನೆ ಗಮನಿಸಿ: ಯಾವಾಗ ಉತ್ಸಾಹದಲ್ಲಿರುತ್ತದೆ, ಯಾವಾಗ ಮಲಗುತ್ತದೆ, ಎಷ್ಟು ಹೊತ್ತಿಗೆ ಹಸಿಯುತ್ತದೆ? ಬೆಕ್ಕು, ಮೊಲ ಮುಂಜಾನೆ ಮತ್ತು ಮುಸ್ಸಂಜೆ ಚುರುಕು. ನಾಯಿಗೆ ಒಂದು ಸುತ್ತು ಅಡ್ಡಾಡಿಸಿ, ಸ್ವಲ್ಪ ದಣಿವಾರಿದ ಮೇಲೆ, ಊಟಕ್ಕೆ ಮುಂಚೆ ಇಟ್ಟುಕೊಳ್ಳಿ. ಹೊಟ್ಟೆ ತುಂಬಿದ ನಾಯಿ ಬಿಸ್ಕತ್ತಿಗೆ ತಲೆ ಎತ್ತುವುದಿಲ್ಲ. ಕೂದಲು ಕತ್ತರಿಸುವುದನ್ನು ನಾಲ್ಕೈದು ದಿನ ಮೊದಲೇ, ಸ್ನಾನವನ್ನು ಒಂದೆರಡು ದಿನ ಮೊದಲು ಮುಗಿಸಿ.

ಕಾಯಲೇಬಾರದ ಸಂದರ್ಭ

ಗಂಭೀರ ಕಾಯಿಲೆ ಎಂದು ಪಶುವೈದ್ಯರು ಹೇಳಿದರೆ ಮೇಲಿನ ಲೆಕ್ಕಗಳೆಲ್ಲ ಬದಿಗೆ. ಆ ವಾರವೇ ಫೋಟೊ ತೆಗೆಸಿ, ಸಾಧ್ಯವಾದರೆ ಚಿಕಿತ್ಸೆ ಶುರುವಾಗುವ ಮೊದಲೇ. ಸ್ಕ್ಯಾನಿಂಗ್‌ಗೆ ಹೊಟ್ಟೆಯ ಕೂದಲನ್ನೂ ಡ್ರಿಪ್‌ಗೆ ಮುಂಗಾಲಿನ ಕೂದಲನ್ನೂ ಬೋಳಿಸುತ್ತಾರೆ. ಆ ಚೌಕದ ಬೋಳು ತುಂಬಲು ಹಲವು ವಾರ, ಕೆಲವು ತಳಿಗಳಿಗೆ ತಿಂಗಳುಗಳೇ ಬೇಕು. ಚಿಕಿತ್ಸೆಯನ್ನು ಮಾತ್ರ ಫೋಟೊಗಾಗಿ ಒಂದು ದಿನವೂ ಮುಂದೂಡಬೇಡಿ. ಆಗಲೇ ಬೋಳಿಸಿದ್ದರೆ ಇನ್ನೊಂದು ಬದಿಯಿಂದ ತೆಗೆದರಾಯಿತು.

ಸಂಧಿವಾತವಿರುವ ಮುದಿ ನಾಯಿಗೆ ಬೆಳಗ್ಗೆ ಎದ್ದಾಗ ಕಾಲು ಬಿಗಿದಿರುತ್ತದೆ, ಓಡಾಡಿದ ಮೇಲೆ ಸಡಿಲವಾಗುತ್ತದೆ. ನೋವಿನ ಮಾತ್ರೆ ಯಾವ ಹೊತ್ತಿಗೆ ಹೆಚ್ಚು ಕೆಲಸ ಮಾಡುತ್ತದೆಂದು ವೈದ್ಯರನ್ನು ಕೇಳಿ, ಆ ಸಮಯಕ್ಕೇ ಫೋಟೊಗ್ರಾಫರ್ ಅವರನ್ನು ಕರೆಯಿರಿ. ಮನೆಯಲ್ಲಿ, ಅದರದೇ ಹಾಸಿಗೆಯ ಮೇಲೆ, ಅರ್ಧ ಗಂಟೆ ಸಾಕು. ಮೂತಿಯ ನರೆಯನ್ನಾಗಲೀ ಕಣ್ಣಿನ ನೀಲಿ ಮಸುಕನ್ನಾಗಲೀ ಕಂಪ್ಯೂಟರಿನಲ್ಲಿ ಅಳಿಸಲು ಬಿಡಬೇಡಿ. ಅವು ಅದರ ಮುಖದ ಭಾಗ.

ದಿನ ಗೊತ್ತುಮಾಡುವಾಗ

ಮುಂಗಡ ಕೊಡುವ ಮೊದಲು ಮೂರು ವಿಷಯ ಕೇಳಿ: ಪ್ರಾಣಿಗೆ ಹುಷಾರಿಲ್ಲದಿದ್ದರೆ ದಿನ ಬದಲಿಸಬಹುದೇ, ಮಳೆ ಬಂದರೆ ಏನು, ಫ್ಲ್ಯಾಶ್‌ಗೆ ಬೆದರಿದರೆ ಬರೀ ಸಹಜ ಬೆಳಕಿನಲ್ಲಿ ತೆಗೆಯುತ್ತಾರೆಯೇ? ಅಂದು ಬೆಳಗ್ಗೆ ಅದು ಊಟ ಬಿಟ್ಟಿದ್ದರೆ, ಭೇದಿಯಾಗಿದ್ದರೆ, ಕುಂಟುತ್ತಿದ್ದರೆ ಹಿಂದೆಮುಂದೆ ನೋಡದೆ ಫೋನ್ ಮಾಡಿ ಬೇರೆ ದಿನ ಕೇಳಿ, ಮತ್ತು ಆ ಹೊತ್ತಿನಲ್ಲಿ ವೈದ್ಯರ ಬಳಿ ಹೋಗಿ.