ಆ ಕಡೆಯವ್ರು ಉತ್ತರಕ್ಕೆ ತಡ ಮಾಡಿದ್ರೆ ಏನು ಮಾಡೋದು

ಬೇರೆ ಭಾಷೆಯವ್ರ ಜೊತೆ ಕೆಲಸ ಮಾಡೋರು ಇದನ್ನ ಗಮನಿಸಿ. "ನಾಳೆ ಒಳಗೆ ಆಗುತ್ತಾ?" ಅಂತ ಕೇಳಿದ ಮೇಲೆ ಉತ್ತರ ಒಂಚೂರು ತಡ ಆಯ್ತು ಅಂದ್ರೆ ಲೈಟಾಗಿ ತಗೋಬೇಡಿ, ಎಷ್ಟೋ ಸಲ "ಆಗಲ್ಲ" ಅನ್ನೋದು ಆ ಗ್ಯಾಪಲ್ಲೇ ಗೊತ್ತಾಗುತ್ತೆ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ರೆಕಾರ್ಡಿಂಗ್ ಇಟ್ಕೊಂಡು ಒಂದು ಸ್ಟಡಿ ಬಂತು, ಪ್ರಶ್ನೆ ಮುಗಿದು ಉತ್ತರ ಶುರುವಾಗೋಕೆ ಸರಾಸರಿ ಸುಮಾರು 200 ಮಿಲಿಸೆಕೆಂಡ್ ಅಷ್ಟೇ, ಸರಿಯಾಗಿ ಉತ್ತರ ಕೊಡದೆ ಜಾರಿಕೊಳ್ಳೋ ಮಾತು ಹತ್ತೂ ಭಾಷೇಲಿ ತಡವಾಗೇ ಬಂದಿದೆ. ಆದ್ರೆ ಜಪಾನೀಸ್‌ನಲ್ಲಿ ಉತ್ತರ ಬಲು ಬೇಗ, ಡ್ಯಾನಿಶ್‌ನಲ್ಲಿ ನಿಧಾನ, ಹಾಗಾಗಿ ಮೊದ್ಲು ಅವ್ರ ಮಾಮೂಲಿ ಸ್ಪೀಡ್ ನೋಡ್ಕೊಳ್ಳಿ. ಅದಕ್ಕಿಂತ ತಡ ಅನ್ಸಿದ್ರೆ ಅದೇ ಪ್ರಶ್ನೆ ಮತ್ತೆ ಜೋರಾಗಿ ಕೇಳ್ಬೇಡಿ ದಯವಿಟ್ಟು, "ಶುಕ್ರವಾರ ಆದ್ರೂ ಪರ್ವಾಗಿಲ್ಲ" ಅಂತ ದಾರಿ ಬಿಟ್ಕೊಡಿ. ವಿಡಿಯೋ ಕಾಲ್ ಆದ್ರೆ ನೆಟ್‌ವರ್ಕ್ ಲ್ಯಾಗೂ ಲೆಕ್ಕಕ್ಕೆ ತಗೊಳ್ಳಿ.