ಸಿನಿಮಾಕ್ಕೊಂದು ಜೋಡಿ: ಮನೆಯಲ್ಲೇ ಕೂತು ನೋಡುವವನ ಅನುಭವ

ಒಂದು ಸಿನಿಮಾ ನೋಡುವುದು. ಅದೇ ಇಕ್ಕಟ್ಟಿನಲ್ಲಿ (ಒಂದೇ ಕೋಣೆ, ಕತ್ತಲು, ಮಾತಿಲ್ಲದಿರುವುದು, ಹೀಗೆ) ಸಿಕ್ಕಿಕೊಂಡ ಇನ್ನೊಂದು ಸಿನಿಮಾವನ್ನೋ ಟಿವಿ ಎಪಿಸೋಡನ್ನೋ ಅದೇ ವಾರ ನೋಡುವುದು. ನಾಲ್ಕೈದು ದಿನ ಸುಮ್ನೆ ಬಿಟ್ಟು, ಆಮೇಲೆ ಎರಡರ ಬಗ್ಗೆಯೂ ಒಟ್ಟಿಗೆ ಬರೆಯುವುದು. ನನ್ನ ವಿಧಾನ ಇಷ್ಟೇ. ಶುರು ಮಾಡಿದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ‘ಎರಡು ಗಂಟೆ ಸಿನಿಮಾಗೂ ಮುಕ್ಕಾಲು ಗಂಟೆ ಎಪಿಸೋಡಿಗೂ ಎಲ್ಲಿಂದೆಲ್ಲಿಗೆ ಗಂಟು ಹಾಕ್ತೀಯಾ’ ಅಂದರು. ಈಗ ಅವರೇ ಶನಿವಾರ ಫೋನ್ ಮಾಡಿ ‘ಈ ವಾರ ಯಾವ ಜೋಡಿ?’ ಎಂದು ಕೇಳುತ್ತಾರೆ.

ಅದಕ್ಕೂ ಮೊದಲು ವರ್ಷಗಟ್ಟಲೆ ಸ್ಟಾರ್ ಹಾಕುತ್ತಿದ್ದೆ. ಇನ್ನೂರಕ್ಕೂ ಜಾಸ್ತಿ ಹೆಸರಿರುವ ಆ ನೋಟ್‌ಬುಕ್ ಇನ್ನೂ ಇದೆ. ಮುಕ್ಕಾಲು ಪಾಲಿಗೆ ಮೂರು, ಇಲ್ಲವೇ ಮೂರೂವರೆ. ವರ್ಷ ಕಳೆದ ಮೇಲೆ ತೆಗೆದು ನೋಡಿದರೆ ಯಾವುದಕ್ಕೆ ಯಾಕೆ ಅಷ್ಟು ಕೊಟ್ಟೆ ಅನ್ನೋದು ನೆನಪಿಗೆ ಬರುತ್ತಿರಲಿಲ್ಲ. ಆಮೇಲೆ ಸಿನಿಮಾ ಮುಗಿದ ಕೂಡಲೇ ಬರೆಯಲು ಕೂತೆ. ಅದೂ ಕೈ ಹಿಡಿಯಲಿಲ್ಲ. ಕೊನೆಯ ಹತ್ತು ನಿಮಿಷ ಚೆನ್ನಾಗಿದ್ದರೆ ಇಡೀ ಸಿನಿಮಾವನ್ನೇ ಹೊಗಳಿ ಬರೆದಿರುತ್ತಿದ್ದೆ. ಸ್ವಲ್ಪ ದಿನ 1.25 ವೇಗದಲ್ಲೂ ನೋಡಿದೆ. ಕಥೆಯೇನೋ ಪೂರ್ತಿ ಸಿಗುತ್ತದೆ. ಆದರೆ ಒಬ್ಬ ನಟ ಮಾತಿಗೆ ಮುಂಚೆ ತಡೆಯುವ ಆ ಒಂದು ಕ್ಷಣ ಹೋಗಿಬಿಡುತ್ತದೆ. ಅದು ಹೋದ ಮೇಲೆ ನಟನೆ ಬಗ್ಗೆ ಬರೆಯಲು ಏನೂ ಉಳಿಯುವುದಿಲ್ಲ.

ದುಡ್ಡಿನ ವಿಷಯ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದು ಕಾಲಕ್ಕೆ ಐದು ಓಟಿಟಿ ಚಂದಾ ಒಟ್ಟಿಗೆ ನಡೆಯುತ್ತಿದ್ದವು. ಎರಡನ್ನು ತಿಂಗಳುಗಟ್ಟಲೆ ತೆರೆದೇ ಇರಲಿಲ್ಲ, ದುಡ್ಡು ಮಾತ್ರ ತಾನಾಗೇ ಕಟ್ ಆಗುತ್ತಿತ್ತು. ಪ್ರೊಜೆಕ್ಟರ್ ತಂದೆ. ಗೋಡೆ ತುಂಬಾ ಚಿತ್ರ ಬಂತು, ಆದರೆ ಕೋಣೆ ಪೂರ್ತಿ ಕತ್ತಲಾಗದೆ ಕಪ್ಪೆಲ್ಲ ಬೂದು ಬೂದಾಗಿ ಕಾಣುತ್ತಿತ್ತು. ಕಿಟಕಿಗೆ ದಪ್ಪ ಕರ್ಟನ್ ತಂದೆ. ಕೊನೆಗೆ ಪ್ರೊಜೆಕ್ಟರನ್ನು ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಮಾರಿದೆ. ಕರ್ಟನ್ ಉಳಿಯಿತು, ಟಿವಿ ನೋಡುವಾಗ ಇವತ್ತಿಗೂ ಅದೇ ಕೆಲಸಕ್ಕೆ ಬರುತ್ತಿದೆ. ಈಗ ಜೋಡಿಗಳ ಪಟ್ಟಿ ಮಾಡಿಟ್ಟುಕೊಳ್ಳುತ್ತೇನೆ. ಒಂದೇ ಓಟಿಟಿಯಲ್ಲಿ ಐದಾರು ಜೋಡಿ ಸೇರಿದಾಗ ಆ ತಿಂಗಳು ಅದಕ್ಕೊಂದಕ್ಕೇ ದುಡ್ಡು ಕಟ್ಟುತ್ತೇನೆ. ಕಟ್ಟಿದ ದಿನವೇ ಆಟೋ ರಿನ್ಯೂವಲ್ ಆಫ್. ಖರ್ಚು ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿದಿದೆ.

ಸರಿಯಾಗಿ ಕೂತ ಮೊದಲ ಜೋಡಿ ಅಂದರೆ ಸಿಡ್ನಿ ಲುಮೆಟ್‌ನ ‘12 ಆ್ಯಂಗ್ರಿ ಮೆನ್’ (1957) ಮತ್ತು ‘ಬ್ರೇಕಿಂಗ್ ಬ್ಯಾಡ್’ ಸೀರೀಸ್‌ನ ಮೂರನೇ ಸೀಸನ್ನಿನ ‘ಫ್ಲೈ’ ಎಪಿಸೋಡ್ (2010). ಎರಡರದ್ದೂ ಇಕ್ಕಟ್ಟು ಒಂದೇ: ಕೋಣೆ ಒಂದು, ದುಡ್ಡು ಕಡಿಮೆ. ‘12 ಆ್ಯಂಗ್ರಿ ಮೆನ್’ನಲ್ಲಿ ಒಂದು ಕೊಲೆ ಕೇಸಿನ ತೀರ್ಪಿಗೆ ಹನ್ನೆರಡು ಜ್ಯೂರಿಗಳು ಒಂದೇ ಕೋಣೆಯಲ್ಲಿ ಕೂತು ಮತ ಹಾಕುತ್ತಾರೆ; ಲುಮೆಟ್‌ಗೆ ಅದು ಮೊದಲ ಸಿನಿಮಾ. ‘ಫ್ಲೈ’ ಒಂದೇ ಸೆಟ್ಟಿನಲ್ಲಿ ನಡೆಯಲು ಕಾರಣವೇ ಬಜೆಟ್ ಕೈ ಮೀರಿದ್ದು. ‘12 ಆ್ಯಂಗ್ರಿ ಮೆನ್’ ಬಗ್ಗೆ ಎಲ್ಲರೂ ಮಾತು ಚೆನ್ನಾಗಿದೆ ಅನ್ನುತ್ತಾರೆ. ನಾನು ಮೊದಲ ಇಪ್ಪತ್ತು ನಿಮಿಷವನ್ನೂ ಕೊನೆಯ ಇಪ್ಪತ್ತು ನಿಮಿಷವನ್ನೂ ಬೆನ್ನಿಗೆ ಬೆನ್ನು ಹಾಕಿ ನೋಡಿದೆ. ಶುರುವಿನಲ್ಲಿ ಕ್ಯಾಮೆರಾ ಕಣ್ಣಿಗಿಂತ ಮೇಲಿರುತ್ತದೆ, ಕೋಣೆ ದೊಡ್ಡದಾಗಿ ಕಾಣುತ್ತದೆ. ಬರಬರುತ್ತಾ ಕೆಳಗಿಳಿಯುತ್ತದೆ, ದೂರದ್ದನ್ನು ಹತ್ತಿರಕ್ಕೆ ಎಳೆಯುವ ಉದ್ದ ಲೆನ್ಸುಗಳು ಬರುತ್ತಾ ಹೋಗುತ್ತವೆ, ಗೋಡೆ ಮುಖದ ಹಿಂದೆಯೇ ಬಂದು ನಿಲ್ಲುತ್ತದೆ, ಕೊನೆಗೆ ಮೇಲ್ಛಾವಣಿಯೂ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಸಣ್ಣ ವಿಷಯ ಗಮನಿಸಿ. ಸೆಕೆಯಲ್ಲಿ ಎಲ್ಲರೂ ಬೆವರುತ್ತಿದ್ದಾರೆ, ಗೋಡೆಯ ಫ್ಯಾನ್ ಕೆಟ್ಟಿದೆ ಅಂದುಕೊಂಡಿದ್ದಾರೆ. ಮತ ಆರು-ಆರು ಆದ ಹೊತ್ತಿಗೆ ಮಳೆ ಬರುತ್ತದೆ, ಕತ್ತಲಾಗುತ್ತದೆ, ಲೈಟ್ ಹಾಕಿದರೆ ಫ್ಯಾನೂ ತಿರುಗುತ್ತದೆ. ಎರಡಕ್ಕೂ ಸ್ವಿಚ್ ಒಂದೇ. ಯಾರೂ ಅದರ ಮೇಲೆ ಭಾಷಣ ಮಾಡುವುದಿಲ್ಲ. ಬರವಣಿಗೆ ಅಂದರೆ ಅದು.

‘ಫ್ಲೈ’ ಬೋರು, ಕಥೆ ಒಂದು ಹೆಜ್ಜೆ ಮುಂದಕ್ಕೆ ಹೋಗುವುದಿಲ್ಲ ಎನ್ನುವವರು ಜಾಸ್ತಿ. ಡ್ರಗ್ಸ್ ತಯಾರಿಸುವ ಲ್ಯಾಬ್ ಒಳಗೆ ಒಂದು ನೊಣ, ಅದನ್ನು ಹೊಡೆಯಲು ಇಬ್ಬರು, ವಾಲ್ಟ್ ಮತ್ತು ಅವನ ಜೊತೆಗಾರ ಜೆಸ್ಸಿ. ಒಂಟಿಯಾಗಿ ನೋಡಿದಾಗ ನನಗೂ ಅದು ಮಾಮೂಲಿ ಎಪಿಸೋಡೇ ಆಗಿತ್ತು. ಲುಮೆಟ್ ಪಕ್ಕದಲ್ಲಿಟ್ಟಾಗ ಬೇರೆಯೇ ಕಂಡಿತು. ಅಲ್ಲಿ ಕೋಣೆ ಚಿಕ್ಕದಾಗುತ್ತದೆ. ಇಲ್ಲಿ ಕೋಣೆ ಇದ್ದಷ್ಟೇ ಇದೆ, ಮೇಲಿನಿಂದ ನೋಡುವ ಕ್ಯಾಮೆರಾಗೆ ಮನುಷ್ಯ ಚಿಕ್ಕವನಾಗುತ್ತಾನೆ. ಜೆಸ್ಸಿ ಏಣಿ ಹತ್ತಿ ನೊಣಕ್ಕೆ ಕೈ ಚಾಚುತ್ತಿದ್ದಾನೆ. ಅವನೇ ಕಾಫಿಗೆ ಹಾಕಿದ ನಿದ್ದೆ ಮಾತ್ರೆಯ ಮಂಪರಿನಲ್ಲಿ ವಾಲ್ಟ್ ಕೆಳಗೆ ಏಣಿ ಹಿಡಿದು, ಹೇಳಲೇಬಾರದ ಮಾತಿನ ಅಂಚಿಗೆ ಬಂದು ನಿಲ್ಲುತ್ತಾನೆ. ಏಣಿ ಅಲುಗುತ್ತದೆ. ಆ ಸೀರೀಸ್‌ನಲ್ಲಿ ಬಂದೂಕು ಹಾರುವ ಎಷ್ಟೋ ದೃಶ್ಯಗಳಿಗಿಂತ ಇದು ಭಯ ಹುಟ್ಟಿಸುತ್ತದೆ. ಇದನ್ನು ಒಪ್ಪದ ಗೆಳೆಯನಿಗೆ ಇನ್ನೊಂದು ಜೋಡಿ ಕೊಟ್ಟೆ: ‘ಫ್ಲೈ’ ಮತ್ತು ಐದನೇ ಸೀಸನ್ನಿನ ‘ಆಝಿಮ್ಯಾಂಡಿಯಸ್’ (2013). ಎರಡನೆಯದನ್ನು ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಎರಡನ್ನೂ ನಿರ್ದೇಶಿಸಿದ್ದು ರಯಾನ್ ಜಾನ್ಸನ್. ‘ಆಝಿಮ್ಯಾಂಡಿಯಸ್’ ಬರೆದ ಮೊಯ್ರಾ ವಾಲಿ-ಬೆಕೆಟ್, ‘ಫ್ಲೈ’ ಬರೆದ ಇಬ್ಬರಲ್ಲಿ ಒಬ್ಬರು. ಗೆಳೆಯ ಒಂದೇ ರಾತ್ರಿ ಎರಡೂ ನೋಡಿ ಮರುದಿನ ಬೆಳಿಗ್ಗೆ ‘ನೀನು ಹೇಳಿದ್ದೇ ಸರಿ’ ಎಂದು ಮೆಸೇಜ್ ಹಾಕಿದ.

ಹೊಂದದೆ ಹೋದ ಜೋಡಿಗಳೂ ಇವೆ. ಲುಮೆಟ್ ಪಕ್ಕಕ್ಕೆ ಹಿಚ್‌ಕಾಕ್‌ನ ‘ರೋಪ್’ (1948) ಇಟ್ಟೆ. ಅದೂ ಒಂದೇ ಮನೆಯೊಳಗಿನ ಕಥೆ. ಆದರೆ ಅದರ ಇಕ್ಕಟ್ಟು ಜಾಗದ್ದಲ್ಲ, ರೀಲಿನದು. ಕ್ಯಾಮೆರಾದಲ್ಲಿ ಹಿಡಿಸುತ್ತಿದ್ದ ಫಿಲಂ ಸುಮಾರು ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಹಾಗಾಗಿ ಕೆಲವು ಕಡೆ ಯಾರದ್ದೋ ಕೋಟಿನ ಬೆನ್ನಿಗೆ ಕ್ಯಾಮೆರಾ ಹೋಗಿ ತಾಗುತ್ತದೆ, ಅಲ್ಲೇ ಎರಡು ರೀಲಿನ ಜೋಡಣೆ ಮುಚ್ಚಿಹೋಗುತ್ತದೆ. ಒಮ್ಮೆ ಅದು ಕಣ್ಣಿಗೆ ಬಿದ್ದರೆ ಆಮೇಲೆ ಬರೀ ಜೋಡಣೆಯನ್ನೇ ಹುಡುಕುತ್ತಾ ಕೂರುತ್ತೇವೆ. ಜಾಣತನಕ್ಕೆ ಕೈ ಮುಗಿಯುತ್ತೇನೆ, ಮನಸ್ಸಿಗೆ ಮಾತ್ರ ಹತ್ತಿರವಾಗಲಿಲ್ಲ.

ಕತ್ತಲಿನ ಜೋಡಿ ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದಿತು. 2019ರಲ್ಲಿ ಬಂದ ‘ಗೇಮ್ ಆಫ್ ಥ್ರೋನ್ಸ್’ ಸೀರೀಸ್‌ನ ‘ದ ಲಾಂಗ್ ನೈಟ್’ ಎಪಿಸೋಡ್, ರಾತ್ರಿಯ ಯುದ್ಧದ ಕಥೆ, ಸುಮಾರು 82 ನಿಮಿಷ. ಏನೂ ಕಾಣುತ್ತಿಲ್ಲ ಎಂದು ಜಗತ್ತೆಲ್ಲ ಗಲಾಟೆಯಾಗಿತ್ತು. ನೋಡುವವರ ಟಿವಿ ಸೆಟ್ಟಿಂಗ್ ಸರಿಯಿಲ್ಲ ಎಂಬುದು ಛಾಯಾಗ್ರಾಹಕರ ಉತ್ತರ. ಅದನ್ನೇ ಪರೀಕ್ಷೆ ಮಾಡೋಣ ಅಂತ ಕೂತೆ. ಮೋಷನ್ ಸ್ಮೂತಿಂಗ್ (ಟಿವಿ ತಾನೇ ನಡುವೆ ಫ್ರೇಮ್ ಸೇರಿಸಿ ಚಲನೆಯನ್ನು ನುಣುಪಾಗಿಸುವ ಸೆಟ್ಟಿಂಗ್) ನೀವೆಲ್ಲ ಯಾವಾಗಲೋ ಆಫ್ ಮಾಡಿರುತ್ತೀರಿ, ಅಲ್ವಾ? 2018ರಲ್ಲಿ ಟಾಮ್ ಕ್ರೂಸ್ ವಿಡಿಯೋ ಮಾಡಿ ಕೇಳಿಕೊಂಡದ್ದೂ ಅದನ್ನೇ. ಅದರ ಜೊತೆಗೆ ಎನರ್ಜಿ ಸೇವಿಂಗ್ ಮತ್ತು ಕೋಣೆಯ ಬೆಳಕಿಗೆ ತಕ್ಕಂತೆ ತಾನೇ ಮಂಕಾಗುವ ಆಯ್ಕೆಯನ್ನೂ ಆಫ್ ಮಾಡಿ, ಕರ್ಟನ್ ಎಳೆದು, ರಾತ್ರಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಸರಿಹೋಯಿತು. ಉಳಿದದ್ದು ಸ್ಟ್ರೀಮಿಂಗ್ ತಾಪತ್ರಯ. ಹೊಗೆಯಿರುವ ಕಡೆ ಕಪ್ಪು ಚೌಕ ಚೌಕವಾಗಿ ಒಡೆಯುತ್ತಿತ್ತು. ಅದೇ ಟಿವಿಯಲ್ಲಿ, ಅದೇ ಸೆಟ್ಟಿಂಗಿನಲ್ಲಿ, ಕುಬ್ರಿಕ್‌ನ ‘ಬ್ಯಾರಿ ಲಿಂಡನ್’ (1975) ಹಾಕಿದೆ. ನಾಸಾಗಾಗಿ ಝೈಸ್ ತಯಾರಿಸಿದ್ದ ಎಫ್ 0.7 ಲೆನ್ಸ್ (ತೀರಾ ಕಡಿಮೆ ಬೆಳಕನ್ನೂ ಹಿಡಿಯುವ ಅಗಲ ಬಾಯಿಯ ಲೆನ್ಸ್) ಹಾಕಿ, ಮೇಣದಬತ್ತಿ ಬೆಳಕಿನಲ್ಲೇ ಚಿತ್ರೀಕರಿಸಿದ ದೃಶ್ಯಗಳು ಅದರಲ್ಲಿವೆ. ಒಂದು ಮುಖವೂ ಕಳೆದುಹೋಗಲಿಲ್ಲ. ಬೆಳಕು ಎಲ್ಲಿಂದ ಬರುತ್ತಿದೆ ಅನ್ನೋದು ಪ್ರತಿ ಫ್ರೇಮಿನಲ್ಲೂ ಗೊತ್ತಾಗುತ್ತದೆ, ಕಣ್ಣಿಗೆ ನಿಲ್ಲಲು ಒಂದು ಜಾಗ ಸಿಗುತ್ತದೆ. ನನ್ನ ತೀರ್ಪು ಹೀಗೆ: ‘ದ ಲಾಂಗ್ ನೈಟ್’ನಲ್ಲಿ ಕತ್ತಿಗಳಿಗೆ ಬೆಂಕಿ ಹತ್ತಿಕೊಂಡು, ಆ ಸಾಲು ದೂರ ಹೋಗಿ, ಒಂದೊಂದಾಗಿ ಆರುವ ದೃಶ್ಯ ಅದ್ಭುತ. ಅಲ್ಲಿ ಬೆಳಕಿಗೆ ಒಂದು ಮೂಲ ಇದೆ. ಆ ಮೂಲ ಇಲ್ಲದ ಜಗಳದ ದೃಶ್ಯಗಳನ್ನು ಯಾವ ಸೆಟ್ಟಿಂಗೂ ಉಳಿಸುವುದಿಲ್ಲ.

ಮಾತಿಲ್ಲದ ಜೋಡಿಗೆ ನಮ್ಮ ‘ಪುಷ್ಪಕ ವಿಮಾನ’ (1987) ಇದ್ದೇ ಇತ್ತಲ್ಲ. ಅದರ ಪಕ್ಕಕ್ಕೆ ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಟಿವಿ ಸೀರೀಸ್‌ನ ‘ಹಶ್’ ಎಪಿಸೋಡ್ (1999). ಅದರಲ್ಲಿ ಇಡೀ ಊರಿನ ದನಿ ಹೋಗಿಬಿಡುತ್ತದೆ, ಅರ್ಧಕ್ಕಿಂತ ಹೆಚ್ಚು ಹೊತ್ತು ಒಂದು ಮಾತೂ ಇಲ್ಲ. ‘ಹಶ್’ ಚುರುಕಾಗಿದೆ, ಹೆದರಿಸುತ್ತದೆ. ಆದರೆ ದನಿ ಹೋದದ್ದಕ್ಕೆ ಅದು ಒಂದು ಕಾರಣ ಕೊಡುತ್ತದೆ, ಬೇಕಾದಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸುತ್ತದೆ. ಸಿಂಗೀತಂ ಶ್ರೀನಿವಾಸರಾವ್ ಯಾವ ಕಾರಣವನ್ನೂ ಕೊಡುವುದಿಲ್ಲ, ನಾವೂ ಕೇಳುವುದಿಲ್ಲ. ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ಕಮಲ್ ಹಾಸನ್‌ಗೆ ನಿದ್ದೆ ಬರುವುದಿಲ್ಲ. ಥಿಯೇಟರ್ ಪಕ್ಕದ ಹಳೇ ರೂಮಿಗೆ ಹೋಗಿ, ಅಲ್ಲಿನ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ. ಒಬ್ಬ ಬಡವನ ಇಡೀ ಬದುಕು ಆ ಒಂದು ಶಬ್ದದಲ್ಲಿದೆ. ಈ ಜೋಡಿಯಲ್ಲಿ ನಮ್ಮದೇ ಮೇಲು. ಅಭಿಮಾನಕ್ಕೆ ಹೇಳುತ್ತಿಲ್ಲ, ಎರಡೂ ನೋಡಿ ಹೇಳುತ್ತಿದ್ದೇನೆ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬಣ್ಣದ ಸಿನಿಮಾಗಳನ್ನು ಟಿವಿಯಲ್ಲಿ ಕಲರ್ ಸೊನ್ನೆಗೆ ಇಳಿಸಿ ನೋಡಿದೆ. ಹೆಚ್ಚಿನವು ಚಪ್ಪಟೆಯಾಗುತ್ತವೆ, ಬೆಳಕಿನ ಕೆಲಸ ಗಟ್ಟಿಯಾಗಿರುವವು ಮಾತ್ರ ನಿಲ್ಲುತ್ತವೆ. ಕುರೊಸಾವಾನ ‘ಸೆವೆನ್ ಸಮುರಾಯ್’ (1954) 207 ನಿಮಿಷ ಇದೆ. ಅದನ್ನು ಒಂದೇ ಸಲಕ್ಕೂ ನೋಡಿದೆ, ಮಧ್ಯಂತರಕ್ಕೆ ನಿಲ್ಲಿಸಿ ಎರಡು ರಾತ್ರಿಯೂ ನೋಡಿದೆ. ಮಧ್ಯಂತರದಲ್ಲಿ ನಿಲ್ಲಿಸಿದರೆ ಏನೂ ಕೆಡುವುದಿಲ್ಲ. ನಿದ್ದೆ ಬಂದ ಕಡೆ ನಿಲ್ಲಿಸಿದರೆ ಕೆಡುತ್ತದೆ. ಇನ್ನೊಂದು ದಿನ ಪರದೆ ಮುಚ್ಚಿ ಬರೀ ಕಿವಿಯಲ್ಲಿ ‘ಪುಷ್ಪಕ’ವನ್ನೂ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ನ ಒಂದೆರಡು ಎಪಿಸೋಡನ್ನೂ ಕೇಳಿದೆ. ಎರಡಕ್ಕೂ ಸಂಗೀತ ಎಲ್. ವೈದ್ಯನಾಥನ್ ಅವರದು. ಎಲ್ಲಿ ಸುಮ್ಮನಿರಬೇಕು ಅನ್ನೋದು ಆ ಮನುಷ್ಯನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಅನ್ನೋದು ಹಾಗೆ ಕೇಳಿದಾಗಲೇ ತಿಳಿದದ್ದು.

ಎರಡರಲ್ಲಿ ಯಾವುದನ್ನು ಮೊದಲು ನೋಡಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಜೋಡಿ ತಿರುವುಮುರುವಾದರೆ ತೀರ್ಪೇ ಬದಲಾಗುತ್ತದೆ ಅನ್ನೋದನ್ನಷ್ಟೇ ಹೇಳಬಲ್ಲೆ. ನಾಲ್ಕೈದು ದಿನ ಬಿಡುವುದನ್ನು ಮಾತ್ರ ತಪ್ಪಿಸಬೇಡಿ. ಅಷ್ಟು ದಿನದ ಮೇಲೂ ತಲೆಯಲ್ಲಿ ಉಳಿದ ದೃಶ್ಯ ಯಾವುದೋ ಅದರಿಂದಲೇ ಬರವಣಿಗೆ ಶುರು ಮಾಡಿ. ಹೋದ ವರ್ಷ ಹಳೆಯ ಜೋಡಿಗಳಲ್ಲಿ ಹತ್ತು ಹನ್ನೆರಡನ್ನು ಮತ್ತೆ ನೋಡಿದೆ. ಬರೆದದ್ದರಲ್ಲಿ ಒಂದೆರಡು ಕಡೆ ಬಿಟ್ಟರೆ ತಿದ್ದುವ ಕೆಲಸವೇ ಇರಲಿಲ್ಲ. ಸ್ಟಾರ್ ಹಾಕುತ್ತಿದ್ದ ಕಾಲದಲ್ಲಿ ಇದು ಒಮ್ಮೆಯೂ ಆಗಿರಲಿಲ್ಲ.

‘ಮಾಲ್ಗುಡಿ ಡೇಸ್’ಗೆ ಸರಿಯಾದ ಜೋಡಿ ಇನ್ನೂ ಸಿಕ್ಕಿಲ್ಲ. ಅಷ್ಟು ಕಡಿಮೆ ನಿಮಿಷದಲ್ಲಿ, ಅಷ್ಟು ನಿಧಾನವಾಗಿ ಕಥೆ ಹೇಳಿಯೂ ಬೇಸರ ಬರಿಸದ ಎಪಿಸೋಡ್ ಬೇರೆ ಯಾವುದಾದರೂ ಗೊತ್ತಿದ್ದರೆ ತಿಳಿಸಿ. ಅದು ಇರುವ ಓಟಿಟಿಗೆ ಮುಂದಿನ ತಿಂಗಳ ಚಂದಾ ಕಟ್ಟುತ್ತೇನೆ.