ಹಳೆಯ ಕಿನ್ನರ ಕಥೆಯ ಚಿತ್ರದಿಂದ ಮರದ ಜಿಗ್ಸಾ ಮಾಡುವ ಬಗೆ

ಕಣ್ಣಿಗೆ ಚೆಂದ ಕಂಡ ಚಿತ್ರವೆಲ್ಲ ಒಳ್ಳೆಯ ಜಿಗ್ಸಾ (ತುಂಡುಗಳನ್ನು ಜೋಡಿಸಿ ಚಿತ್ರ ಕೂಡಿಸುವ ಪಜಲ್) ಆಗುವುದಿಲ್ಲ. ಕಿನ್ನರ ಕಥೆಗಳ ಚಿತ್ರಕಾರ ಆರ್ಥರ್ ರ‍್ಯಾಕಮ್ (1867–1939) ಬರೆದ ಕಾಡುಗಳಲ್ಲಿ ಬೇರು, ಕೊಂಬೆ, ಸುಕ್ಕುಗಳದ್ದೇ ಗೀರು, ಹಿಂದೆಲ್ಲ ಮಣ್ಣುಬಣ್ಣ. ಜೋಡಿಸುವವರಿಗೆ ಅದೊಂದು ರುಚಿಯಾದ ಕಷ್ಟ. ಆದರೆ ಚಿತ್ರದ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೀ ಮಂಜೋ ಆಕಾಶವೋ ಆಗಿದ್ದರೆ ಬೇಸರ ಖಂಡಿತ. ಮೊದಲ ಸಲಕ್ಕೆ ವಾಲ್ಟರ್ ಕ್ರೇನ್ (1845–1915) ಬರೆಯುತ್ತಿದ್ದಂಥ ದಪ್ಪ ಹೊರಗೆರೆಯ, ಸಪಾಟು ಬಣ್ಣದ ಚಿತ್ರ ಸಲೀಸು. ಕಲಾವಿದರು ತೀರಿಹೋಗಿ 70 ವರ್ಷ ಕಳೆದ ಮೇಲೆ ಚಿತ್ರದ ಹಕ್ಕು (ಕಾಪಿರೈಟ್) ಮುಗಿಯುವ ದೇಶಗಳಲ್ಲಿ ಈ ಇಬ್ಬರ ಚಿತ್ರಗಳೂ ಮುಕ್ತ. 1957ರಲ್ಲಿ ತೀರಿಕೊಂಡ, ಇಂಥದೇ ಕಥೆಗಳ ಚಿತ್ರಕಾರ ಕೇ ನೀಲ್ಸನ್ ಚಿತ್ರಗಳಿಗೆ ಅದೇ ಲೆಕ್ಕದಲ್ಲಿ 2027ರ ಕೊನೆಯವರೆಗೂ ಹಕ್ಕು ಇರುತ್ತದೆ.

20×25 ಸೆಂ.ಮೀ. ಪಜಲ್‌ಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ ಸುಮಾರು 2362×2953 ಪಿಕ್ಸೆಲ್ ಬೇಕು. ಹಳೆಯ ಪುಸ್ತಕದ ಬಣ್ಣದ ಪುಟಗಳು ಬಹುಪಾಲು ಚುಕ್ಕಿಚುಕ್ಕಿಯಾಗಿ ಅಚ್ಚಾದವು. ತೀರಾ ಹಿಗ್ಗಿಸಿದರೆ ಚುಕ್ಕಿಗಳೇ ಎದ್ದು ಕಾಣುತ್ತವೆ. ಕಾಗದದ ಹಳದಿಯನ್ನು ಪೂರ್ತಿ ತೆಗೆಯಬೇಡಿ, ಚಿತ್ರದ ಜೀವ ಅಲ್ಲೇ ಇದೆ. ಮುದ್ರಣಕ್ಕೆ ಪಿಗ್ಮೆಂಟ್ ಶಾಯಿ, 120ರಿಂದ 170 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಮ್ಯಾಟ್, ಅಂದರೆ ಹೊಳಪಿಲ್ಲದ, ಕಾಗದ. ಡೈ ಶಾಯಿಯಾದರೆ ಅಂಟಿನ ತೇವಕ್ಕೆ ಹರಡುತ್ತದೆ.

ಹಲಗೆಗೆ 5–6 ಮಿ.ಮೀ. ದಪ್ಪದ ಬರ್ಚ್ ಮರದ ಪ್ಲೈವುಡ್. ಅಂಚನ್ನು ತಿರುಗಿಸಿ ನೋಡಿ: ಪದರಗಳ ನಡುವೆ ಪೊಳ್ಳು ಕಂಡರೆ ಬೇಡ, ಆ ಜಾಗದಲ್ಲೇ ತುಂಡು ಮುರಿಯುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತೇವಕ್ಕೆ ಉಬ್ಬುತ್ತದೆ, ಸಣ್ಣ ಮೂಲೆಗಳು ಬೇಗ ಉದುರುತ್ತವೆ.

ಹೆಚ್ಚಿನ ಪಜಲ್‌ಗಳು ಕೆಡುವುದು ಗರಗಸದಲ್ಲಲ್ಲ, ಅಂಟಿನಲ್ಲಿ. ಹಲಗೆಯನ್ನು ಸುತ್ತಲೂ 5 ಮಿ.ಮೀ. ದೊಡ್ಡದಾಗಿಯೇ ಕತ್ತರಿಸಿ, 220ರ ಉಪ್ಪುಕಾಗದದಿಂದ ತಿಕ್ಕಿ, ಧೂಳು ಒರೆಸಿ. ಪಿವಿಎ ಅಂಟನ್ನು (ಮರಗೆಲಸದ ಬಿಳಿ ಅಂಟು) ರೋಲರ್‌ನಿಂದ ತೆಳ್ಳಗೆ ಹಲಗೆಗೇ ಹಚ್ಚಿ, ಕಾಗದಕ್ಕಲ್ಲ. ಅಂಟಿನ ನೀರು ಕುಡಿದ ಕಾಗದ ಹಿಗ್ಗುತ್ತದೆ. ಅಂಟು ಎಲ್ಲಿ ನಿಂತಿದೆಯೋ ಅಲ್ಲಿ ಗುಳ್ಳೆ ಏಳುತ್ತದೆ. ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಹೋಗಿ. ಹಿಂಬದಿಗೂ ಅಷ್ಟೇ ದಪ್ಪದ ಬಿಳಿ ಕಾಗದ ಅಂಟಿಸಿ. ಇಲ್ಲದಿದ್ದರೆ ಚಿತ್ರದ ಕಾಗದ ಒಣಗಿ ಕುಗ್ಗುವಾಗ ಹಲಗೆಯನ್ನೂ ತನ್ನ ಕಡೆಗೆ ಎಳೆದು ಬಗ್ಗಿಸುತ್ತದೆ. ಎರಡೂ ಕಡೆ ಬೆಣ್ಣೆಕಾಗದ ಇಟ್ಟು, ಸಪಾಟು ಭಾರದಡಿ 24 ಗಂಟೆ ಬಿಡಿ. ಆಮೇಲೆ ಅಂಚು ಸವರಿ, ಮ್ಯಾಟ್ ಅಕ್ರಿಲಿಕ್ ಸ್ಪ್ರೇ ಎರಡು ಮೂರು ತೆಳು ಕೋಟ್. ಸವರಿ ತೆಗೆದ ಅಂಚಿನ ಪಟ್ಟಿಯಲ್ಲಿ ಕಾಗದವನ್ನು ಕಿತ್ತು ನೋಡಿ: ಹರಿದರೆ ಅಂಟು ಹಿಡಿದಿದೆ, ಸಿಪ್ಪೆಯಂತೆ ಎದ್ದು ಬಂದರೆ ಇಲ್ಲ.

ಸ್ಕ್ರಾಲ್ ಸಾ ಯಂತ್ರಕ್ಕೆ (ತೆಳು ಬ್ಲೇಡ್ ಮೇಲೆ ಕೆಳಗೆ ಓಡುವ ಗರಗಸ) 2/0 ಅಥವಾ 3/0 ನಂಬರಿನ ಬ್ಲೇಡ್ ಹಾಕಿ. 2/0 ಬ್ಲೇಡಿನ ದಪ್ಪ ಸುಮಾರು ಕಾಲು ಮಿಲಿಮೀಟರ್. ಇದಕ್ಕಿಂತ ದಪ್ಪನಾದರೆ ತುಂಡುಗಳು ಸಡಿಲ. ಕೆಳಗಿನ ಹಲ್ಲುಗಳು ಮೇಲ್ಮುಖವಾಗಿರುವ ಬ್ಲೇಡ್ ಬೇಡವೇ ಬೇಡ, ಅದು ಕಾಗದವನ್ನು ಮೇಲಕ್ಕೆತ್ತುತ್ತದೆ. ಬ್ಲೇಡ್ ಮೇಜಿಗೆ ನೇರ 90 ಡಿಗ್ರಿ ಇದೆಯೇ ಎಂದು ತಿಳಿಯಲು ಚೂರು ಹಲಗೆಯಲ್ಲಿ ಒಂದು ಪೂರ್ತಿ ತುಂಡು ಕತ್ತರಿಸಿ. ಅದು ಮೇಲಕ್ಕೂ ಕೆಳಕ್ಕೂ ಒಂದೇ ಹದದಲ್ಲಿ ಜಾರಬೇಕು. ಒಂದೇ ಕಡೆಗೆ ಬಂದರೆ ಮೇಜು ವಾಲಿದೆ.

ಮೊದಲು ಹಲಗೆಯನ್ನು ಅಂಕುಡೊಂಕು ಗೆರೆಯಲ್ಲಿ ಎರಡು ಮಾಡಿ, ಬಳಿಕ ಪಟ್ಟಿ, ಬಳಿಕ ತುಂಡು. ತುಂಡಿನ ಬದಿ ಸರಾಸರಿ 2 ಸೆಂ.ಮೀ. ಇಟ್ಟರೆ ಸುಮಾರು 125 ತುಂಡು. ಪಕ್ಕದ ತುಂಡಿಗೆ ಸಿಕ್ಕಿಕೊಳ್ಳುವ ಗುಬುಟಿನ ಕುತ್ತಿಗೆ 3 ಮಿ.ಮೀ.ಗಿಂತ ಸಣ್ಣದಾಗದಿರಲಿ, ಮುರಿಯುವುದು ಅಲ್ಲೇ. ತಿರುವಿನಲ್ಲಿ ಬ್ಲೇಡನ್ನು ಪಕ್ಕಕ್ಕೆ ಒತ್ತಬೇಡಿ, ಅದು ಓಡುತ್ತಿರುವಾಗಲೇ ಹಲಗೆಯನ್ನು ನಿಧಾನ ತಿರುಗಿಸಿ. ಸುಟ್ಟ ವಾಸನೆ ಬಂತೋ, ಗೆರೆ ಬಿಟ್ಟು ಓಡಿತೋ, ಬ್ಲೇಡ್ ಬದಲಿಸಿ. ಕನ್ನಡಕ, ಧೂಳಿನ ಮಾಸ್ಕ್ ಬೇಕೇ ಬೇಕು.

ಮಜಾ ಇರುವುದು ಗೆರೆ ಹಾಕುವುದರಲ್ಲಿ. ಕೆಂಪು ಮೇಲಂಗಿಯ ಅಂಚಿನಲ್ಲೇ ಕತ್ತರಿಸಿದರೆ ಪಕ್ಕದ ಬಣ್ಣದ ಸುಳಿವು ತುಂಡಿನಲ್ಲಿ ಉಳಿಯುವುದಿಲ್ಲ, ಜೋಡಿಸುವವರು ತಲೆ ಕೆರೆದುಕೊಳ್ಳುತ್ತಾರೆ. ಇಡೀ ಚಿತ್ರವನ್ನೇ ಹೀಗೆ ಕತ್ತರಿಸಿದರೆ ಮಾತ್ರ ಅತಿಯಾಯಿತು. ಮುಖ ಒಂದೇ ತುಂಡಿನಲ್ಲಿರಲಿ, ಕಣ್ಣಿನ ಮೇಲೆ ಗರಗಸ ಹರಿದರೆ ಚಿತ್ರ ಕೆಡುತ್ತದೆ. ಕೀಲಿಕೈ, ನರಿ, ಕಿರೀಟದಂಥ ಆಕಾರದ ತುಂಡು ಐದಾರು ಸಾಕು. ಸುತ್ತಲಿನ ಎರಡಾದರೂ ಗುಬುಟುಗಳು ಅದರೊಳಕ್ಕೆ ಹೋಗಲಿ, ಇಲ್ಲವಾದರೆ ಎತ್ತಿದ ಕೂಡಲೇ ಉದುರುತ್ತದೆ.

ಕತ್ತರಿಸಿದ ತುಂಡನ್ನು ಆಗಲೇ ತಟ್ಟೆಯಲ್ಲಿ ಜೋಡಿಸುತ್ತಾ ಹೋಗಿ. ಮುಗಿದ ಮೇಲೆ ಎರಡು ಹಲಗೆಗಳ ನಡುವೆ ಹಿಡಿದು ಮಗುಚಿ, ಹಿಂಬದಿಯ ಸಿಬಿರನ್ನು 320ರ ಉಪ್ಪುಕಾಗದದಿಂದ ಹಗುರವಾಗಿ ತೆಗೆಯಿರಿ; ಅದು ಉಳಿದರೆ ತುಂಡು ಪೂರ್ತಿ ಕೂರುವುದಿಲ್ಲ. ತುಂಡುಗಳನ್ನು ಎಣಿಸಿ ಡಬ್ಬಿಯ ಮುಚ್ಚಳದ ಮೇಲೆ ಬರೆಯಿರಿ, ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ. ಅದೇ ಮುದ್ರಣದ ಇನ್ನೊಂದು ಪ್ರತಿ, ಅಂಗೈಯಗಲದ ಪ್ಲೈವುಡ್ ಚೂರು ಡಬ್ಬಿಯ ತಳದಲ್ಲಿರಲಿ: ತುಂಡೊಂದು ಕಳೆದುಹೋದರೆ ಖಾಲಿ ಜಾಗದ ಆಕಾರವನ್ನು ಕಾಗದಕ್ಕೆ ಇಳಿಸಿಕೊಂಡು ಹೊಸದನ್ನು ಕತ್ತರಿಸಬಹುದು.